ನೆರಳಿನ ಮೂಲೆಯ ಮಣ್ಣು

ನೆಟ್ಟ ಸಸಿ ಒಣಗಿದರೆ ನಾವು ಮೊದಲು ಬೈಯುವುದು ಯಾರನ್ನು? ಸಸಿ ಕೊಟ್ಟವನನ್ನು. ಆಮೇಲೆ ಬಿಸಿಲನ್ನು. ಇನ್ನೂ ಸಿಟ್ಟು ಉಳಿದಿದ್ದರೆ ಹಣೆಬರಹವನ್ನು. ಈ ಕಥೆಯ ವೆಲ್ಡರ್ ಎಲ್ಲರನ್ನೂ ಬೈದು ಮುಗಿಸಿ, ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಬೈಯುತ್ತಿದ್ದಾಗಲೇ ವಾಸಿಯಿತ್ತು ಎಂದು ಅವನ ಹೆಂಡತಿಗೆ ಅನ್ನಿಸುತ್ತಿತ್ತು.

ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಅಲ್ಲಿಂದ ಕಿಟಕಿಯಾಚೆ ನೋಡಿದರೆ ಅಂಗಳದ ಗೋಡೆಗೆ ಒರಗಿಸಿದ ಕಬ್ಬಿಣದ ಗೇಟು ಕಾಣುತ್ತಿತ್ತು. ಅದು ತೋಟದ ಗೇಟು. ಜಮೀನು ಕೊಳ್ಳುವುದಕ್ಕೆ ಆರು ವರ್ಷ ಮೊದಲೇ ಗಂಡ ಅದನ್ನು ಮಾಡಿಟ್ಟಿದ್ದ. "ತೋಟವೇ ಇಲ್ಲ, ಗೇಟು ಯಾತಕ್ಕಯ್ಯಾ?" ಎಂದು ಬೀದಿಯವರು ಕಾಲೆಳೆದರೆ, ಹಲ್ಲು ಕಿರಿದು ವರ್ಷಕ್ಕೊಂದು ಸಲ ಬಣ್ಣ ಬಳಿಯುತ್ತಿದ್ದ. ಇವಳು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅಂತೂ ಇಂತೂ ಅರ್ಧ ಎಕರೆ ಅವರದಾಯಿತು. ಗೇಟು ತೋಟಕ್ಕೆ ಹೋಯಿತು.

ಮೊದಲ ವರ್ಷ ನೆಟ್ಟ ನಿಂಬೆ ಸಸಿಗಳು ಎಲೆಯ ತುದಿ ಸುಟ್ಟುಕೊಂಡು ಒಣಗಿದವು. ಸಸಿಯೇ ಸರಿ ಇರಲಿಲ್ಲ ಎಂದುಕೊಂಡು ಎರಡನೆಯ ವರ್ಷ ಬೇರೆ ಕಡೆಯಿಂದ ತಂದರು. ಅವೂ ಹೋದವು. ಮೊನ್ನೆ ಗಂಡ ಗೇಟನ್ನು ಕಿತ್ತು ಮನೆಗೆ ತಂದ. "ತಿಂಗಳ ಕೊನೇಲಿ ಜಮೀನು ಕೊಳ್ಳೋರು ಬರ್ತಾರೆ. ನನ್ನ ಕೈಗುಣಾನೇ ಸರಿ ಇಲ್ಲ ಬಿಡು" ಎಂದವನು ಮತ್ತೆ ಮಾತಾಡಲಿಲ್ಲ. ಕೆಲಸಕ್ಕೂ ಹೋಗಲಿಲ್ಲ.

"ತಟ್ಟೆ ಮುಂದಿಟ್ರೆ ತಟ್ಟೇನೇ ನೋಡ್ತಾ ಕೂತಿರ್ತಾನೆ. ನನಗೆ ಭಯ ಆಗ್ತಿದೆ ಕಣಮ್ಮಾ" ಎಂದರು ಅತ್ತೆ. ಸೊಸೆಗೂ ಭಯವೇ.

ಆ ಬೆಳಿಗ್ಗೆ ಮಣ್ಣಕ್ಕ ಬಂದಳು. ಮಣ್ಣು ಪರೀಕ್ಷೆ ಕೇಂದ್ರದಲ್ಲಿ ಕೆಲಸ ಮಾಡುವವಳು, ಹಾಗಾಗಿ ಎಲ್ಲರ ಬಾಯಲ್ಲೂ ಮಣ್ಣಕ್ಕ. ಅವಳ ಬಿಳಿ ಕೋಟಿನ ಜೇಬು ಕಿತ್ತುಬಂದಿತ್ತು, ಅದನ್ನು ಹೊಲಿಸಿಕೊಳ್ಳಲು ಬಂದಿದ್ದಳು.

"ನಿಮ್ಮ ಕೇಂದ್ರದ ಕಾಗದ ಬರೀ ಸುಳ್ಳು ಮಣ್ಣಕ್ಕಾ" ಎಂಬ ದನಿ ಒಳಗಿನಿಂದ ಬಂತು. ಎರಡು ದಿನದಲ್ಲಿ ವೆಲ್ಡರ್ ಆಡಿದ ಮೊದಲ ಮಾತು. "ಸಸಿ ನೆಡೋಕೆ ಮುಂಚೆ ಪರೀಕ್ಷೆ ಮಾಡ್ಸಿದ್ರೆ, ಮಣ್ಣು ಚೆನ್ನಾಗಿದೆ ಅಂತ ಬರ್ಕೊಟ್ರು. ನಂಬಿದ್ವಿ, ಕೆಟ್ವಿ."

"ನೀವು ಕೊಟ್ಟ ಮಣ್ಣು ಹೇಗಿತ್ತೋ ಹಾಗೆ ಬರ್ದಿರ್ತಾರೆ ಅಣ್ಣಾ. ಮಣ್ಣು ಎಲ್ಲಿಂದ ತೆಗೆದ್ರಿ?"

"ನಮ್ಮ ಹೊಲದಿಂದ್ಲೇ. ಇನ್ನೇನು ನಿಮ್ಮ ಹಿತ್ತಲಿಂದ ಕದ್ಕೊಂಡು ಬಂದ್ವಾ?"

"ಹೊಲದಲ್ಲಿ ಯಾವ ಜಾಗ ಅಂತ ಕೇಳಿದೆ."

"ನನಗೇನು ಗೊತ್ತು? ಇವಳು ತೆಗೆದದ್ದು."

ಹೊಲಿಗೆ ಯಂತ್ರ ನಿಂತಿತು. ದರ್ಜಿಗೆ ಮಣ್ಣು ತೆಗೆದ ಆ ದಿನ ಕಣ್ಣಿಗೆ ಕಟ್ಟಿತು. ಹೊಲದ ತುಂಬ ಬಿಳಿಚಿಕೊಂಡ, ಹೆಪ್ಪುಗಟ್ಟಿದ ಮಣ್ಣು. ಒಂದು ಮೂಲೆಯಲ್ಲಿ ಮಾತ್ರ, ಹಿಂದಿನವರು ದನ ಕಟ್ಟುತ್ತಿದ್ದ ಮರದಡಿ, ಕಪ್ಪಗೆ ಪುಡಿಪುಡಿಯಾದ ಬಂಗಾರದಂಥ ಮಣ್ಣು. ಗಿರಾಕಿಗೆ ಬಟ್ಟೆ ತೋರಿಸುವಾಗ ಚೆಂದದ ತುದಿಯನ್ನೇ ಬಿಡಿಸಿ ತೋರಿಸಿ ರೂಢಿಯಾದ ಕೈ ಅವಳದು. ಪರೀಕ್ಷೆಗೆ ಹೋಗುವ ಮಣ್ಣು, ನಾಲ್ಕು ಜನ ನೋಡುವಂಥದ್ದು, ಅದನ್ನೇ ಕೊಡೋಣ ಅನ್ನಿಸಿತು. ಕಲ್ಲು ಆರಿಸಿ, ಜರಡಿ ಹಿಡಿದು, ಅದಕ್ಕೆಂದೇ ಹೊಸ ಚೀಲ ಹೊಲಿದು ತುಂಬಿ ಕಳಿಸಿದ್ದಳು.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಂಡ ಸಾಯುವ ತನಕ ತನ್ನ ಕೈಯನ್ನೇ ಶಪಿಸುತ್ತಿರುತ್ತಾನೆ.

"ರೀ, ನಿಮ್ಮ ಕೈಗುಣದ್ದಲ್ಲ ತಪ್ಪು. ನಾನು ಆ ಮರದ ಕೆಳಗಿನ ಮಣ್ಣು ಮಾತ್ರ ಕೊಟ್ಟಿದ್ದೆ" ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಗಂಡ ಬಾಗಿಲಿಗೆ ಬಂದು ನಿಂತ. "ಎರಡು ವರ್ಷ ಕಣೇ" ಎಂದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಣ್ಣಕ್ಕ ಮೆಲ್ಲಗೆ ಹೇಳಿದಳು: "ಈ ತಪ್ಪು ಇವಳೊಬ್ಬಳೇ ಮಾಡಿದ್ದಲ್ಲ ಅಣ್ಣಾ. ಇನ್ನೊಂದು ಸಲ ಸರಿಯಾಗಿ ತೆಗೀರಿ."

"ಮಾರೋ ಜಮೀನಿಗೆ ಪರೀಕ್ಷೆ ಯಾಕೆ?"

"ಏನು ಮಾರ್ತಿದ್ದೀನಿ ಅಂತಾದ್ರೂ ಗೊತ್ತಾಗ್ಬೇಡ್ವಾ? ಎಂಟು ಹತ್ತು ಕಡೆ, ಅಡ್ಡಾದಿಡ್ಡಿ ನಡೀತಾ ಗೇಣುದ್ದ ಅಗೀರಿ. ಮರದ ಬುಡ, ಬದು, ಗೊಬ್ಬರದ ಜಾಗ ಬೇಡ. ಎಲ್ಲ ಬೆರೆಸಿ ಅರ್ಧ ಕೆಜಿ ತನ್ನಿ. ಹಣ್ಣಿನ ಗಿಡಕ್ಕಾದ್ರೆ ಇನ್ನೂ ಆಳದ ಮಣ್ಣು ಬೇರೆ ಚೀಲದಲ್ಲಿರಲಿ. ಬಾವಿ ನೀರೂ ಒಂದು ಬಾಟಲಿ."

ಮರುದಿನ ಇಬ್ಬರೂ ಹೋದರು. ಅವನು ಅಗೆದ, ಅವಳು ತುಂಬಿದಳು. ಸಸಿ ಸತ್ತ ಗುಣಿಗಳ ಪಕ್ಕದಲ್ಲೂ ತೆಗೆದರು.

ಫಲಿತಾಂಶ ಒಳ್ಳೆಯದಿರಲಿಲ್ಲ. ನೀರು ಪರವಾಗಿಲ್ಲ, ಮಣ್ಣು ಸವಳು. ಉಪ್ಪು ಹೆಚ್ಚು, ನಿಂಬೆ ತಡೆಯುವುದಿಲ್ಲ.

"ಬಸಿಗಾಲುವೆ ತೆಗೆದು, ಒಳ್ಳೆ ನೀರು ಹಾಯಿಸಿ ಉಪ್ಪು ತೊಳೀಬೇಕು. ವರ್ಷಗಟ್ಟಲೆ ಹಿಡಿಯುತ್ತೆ" ಎಂದಳು ಮಣ್ಣಕ್ಕ. "ಅಲ್ಲೀವರೆಗೆ ಸವಳು ತಡೆಯೋ ಮೇವಿನ ಹುಲ್ಲು ಹಾಕಿ. ನಿಂಬೆ ಆಗುತ್ತೆ ಅಂತ ಈಗ ನಾನು ಮಾತು ಕೊಡಲ್ಲ."

ತಿಂಗಳ ಕೊನೆಗೆ ಕೊಳ್ಳುವವರು ಬಂದರು. ವೆಲ್ಡರ್ ಪರೀಕ್ಷೆಯ ಕಾಗದವನ್ನು ಅವರ ಕೈಗಿತ್ತು, "ಮಣ್ಣು ಹೀಗಿದೆ. ಇದನ್ನ ನಿಮ್ಮ ತಲೆಗೆ ಕಟ್ಟೋಕೆ ಮನಸ್ಸಿಲ್ಲ. ನಾನೇ ನೋಡ್ಕೋತೀನಿ" ಎಂದು ಕಳಿಸಿಬಿಟ್ಟ.

ಹೆಂಡತಿಯೊಂದಿಗೆ ಅವನ ಮಾತು ಈಗಲೂ ಅಷ್ಟಕ್ಕಷ್ಟೇ. ನಿಂಬೆ ತೋಟದ ಆಸೆ ಅವರಿಬ್ಬರ ಜೀವಮಾನದಲ್ಲಿ ಕೈಗೂಡುತ್ತದೋ ಇಲ್ಲವೋ, ಅವಳಿಗೆ ಗೊತ್ತಿಲ್ಲ. ಆದರೆ ಒಂದು ಬೆಳಿಗ್ಗೆ "ಗುದ್ದಲಿ ಎಲ್ಲಿಟ್ಟೆ?" ಎಂದು ಅವನು ಕೇಳಿದ. ಅವಳು ಯಂತ್ರ ಬಿಟ್ಟೆದ್ದು ಹುಡುಕಿಕೊಟ್ಟು, ಕಿಟಕಿಯಾಚೆ ನೋಡಿದಳು. ಗೋಡೆಯ ಮೇಲೆ ಗೇಟು ಒರಗಿದ್ದ ಕಡೆ ತುಕ್ಕಿನ ಕಲೆಯಷ್ಟೇ ಇತ್ತು; ಗೇಟು ಮತ್ತೆ ತೋಟಕ್ಕೆ ಹೋಗಿತ್ತು.

ಜಮೀನಿನ ಕನಸು ಕಾಣುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊಳ್ಳುವ ಮೊದಲೇ, ನೆಡುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಚೆಂದದ ಮೂಲೆಯದಷ್ಟೇ ಬೇಡ, ಹೊಲದ ಬಿಳಿಚಿದ ಮಣ್ಣೂ ಆ ಚೀಲದಲ್ಲಿರಲಿ. ಬೆಳೆ ಕೈಕೊಟ್ಟು ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕೂತಿದ್ದರೆ, ನಾಳೆಗೆಂದು ಕಾಯಬೇಡಿ. ಇವತ್ತೇ ಅವರ ಪಕ್ಕ ಹೋಗಿ ಕೂತು, ನಿಮಗೆ ಗೊತ್ತಿರುವ ನಿಜವನ್ನು ಹೇಳಿ.