ಸಂಜೆ ಐದೂವರೆಗೆ ಮಾಯ

ಸಮಸ್ತ ನಾಗರಿಕರ ಅವಗಾಹನೆಗೆ: ಇದೇ ಭಾನುವಾರ ಸಂಜೆ ಐದೂವರೆ ಗಂಟೆಗೆ ಸರಿಯಾಗಿ, ಬೂದಿಗೆರೆಯ ಸ್ವಗೃಹದ ಹಜಾರದಲ್ಲಿ, ವೇಣುಗೋಪಾಲ್, ಎಂ.ಎಸ್ಸಿ., ಬಿ.ಎಡ್., ವಯಸ್ಸು ನಲವತ್ತೊಂದು, ಇವರು ಬಂಧುಮಿತ್ರರ ಸಮಕ್ಷಮದಲ್ಲಿ ಮಾಯವಾಗತಕ್ಕವರಿದ್ದಾರೆ. ಆಕ್ಷೇಪಣೆಗಳೇನಾದರೂ ಇದ್ದಲ್ಲಿ...

"ಏನ್ರೀ, ಬಚ್ಚಲಲ್ಲಿ ಯಾರ ಜೊತೆ ಮಾತಾಡ್ತಿದ್ದೀರಾ? ಗೀಸರ್ ಆಫ್ ಮಾಡಿ ಬನ್ನಿ."

ಮೊದಲ ಆಕ್ಷೇಪಣೆ ಹೆಂಡತಿ ವಾಣಿಶ್ರೀಯದು. ವೇಣುಗೋಪಾಲ್ ಗೀಸರ್ ಆರಿಸಿದ. ಕನ್ನಡಿಯ ತುಂಬ ಹಬೆ ಹತ್ತಿತ್ತು. ಹಣೆ ಇತ್ತು, ಬಾಯಿ ಇರಲಿಲ್ಲ. ತಾಲೀಮು ಚೆನ್ನಾಗಿಯೇ ನಡೆದಿದೆ ಅಂದುಕೊಂಡ.

ಮಾಯವಾಗುವುದು ಅವನಿಗೆ ಹೊಸ ವಿದ್ಯೆಯೇನಲ್ಲ. ದೇವನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದ. ಹುಡುಗರು ಅವನ ಮೂಲಕ ಹಾದು ಹಿಂದಿನ ಬೋರ್ಡನ್ನು ನೋಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವನು ಟೀ ಕುಡಿಯುತ್ತಿರುವಾಗಲೇ ಯಾರಾದರೂ ಬಂದು "ಫಿಸಿಕ್ಸ್ ಸರ್ ಇವತ್ತು ರಜಾನಾ?" ಎಂದು ಕೇಳುತ್ತಿದ್ದರು. ಊರಿನ ಗಣ್ಯರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನಗಣ್ಯರ ಪಟ್ಟಿಯನ್ನು ಯಾರೂ ಮಾಡಿರಲಿಲ್ಲ. ಮಾಡಿದ್ದರೂ ಅದರಲ್ಲಿ ಅವನನ್ನು ಬಿಟ್ಟಿರುತ್ತಿದ್ದರು.

ಮನೆಯಲ್ಲಿ ಮಗ ಅಂಜನ್ ಅವನೊಂದಿಗೆ ನೇರವಾಗಿ ಮಾತಾಡುವುದನ್ನು ಯಾವಾಗಲೋ ನಿಲ್ಲಿಸಿದ್ದ. ಭಯವಲ್ಲ, ಕೋಪವಲ್ಲ. ಸುಮ್ಮನೆ ಅಭ್ಯಾಸ ತಪ್ಪಿತ್ತು.

"ಅಮ್ಮ, ಅಪ್ಪಂಗೆ ಹೇಳು, ಶೂ ಚಿಕ್ಕದಾಯ್ತು ಅಂತ."

ಅಪ್ಪ ಎರಡು ಅಡಿ ದೂರದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿರುತ್ತಿದ್ದ. ವಾಣಿಶ್ರೀ ಅವನ ಕಡೆ ತಿರುಗಿ "ಕೇಳಿಸ್ತಲ್ಲ?" ಅನ್ನುತ್ತಿದ್ದಳು. ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾಗಿ ಆಕೆ ದಣಿದಿದ್ದಳು.

ಒಂದು ತಿಂಗಳ ಹಿಂದೆ ಅದು ಬದಲಾಯಿತು. ಏಳನೇ ಹುಟ್ಟುಹಬ್ಬಕ್ಕೆ ಮ್ಯಾಜಿಕ್ ಶೋ ಬೇಕೆಂದು ಅಂಜನ್ ಅಮ್ಮನ ಮುಖಾಂತರ ಅರ್ಜಿ ಸಲ್ಲಿಸಿದ. ವಾಣಿಶ್ರೀ ಫೋನ್ ಮಾಡಿದ ಬೆಂಗಳೂರಿನ ಜಾದೂಗಾರ ಅಷ್ಟು ದೂರ ಬರುವುದಿಲ್ಲ ಎಂದ. ಆಗ ವೇಣುಗೋಪಾಲನ ಬಾಯಿಂದ, ಅವನಿಗೂ ತಿಳಿಸದೆ, ಒಂದು ಮಾತು ಹೊರಬಿತ್ತು.

"ನಾನೇ ಮಾಡ್ತೀನಿ. ಮಾಯ ಆಗಿ ತೋರಿಸ್ತೀನಿ."

ಮಗ ತಿರುಗಿ ನೋಡಿದ. "ನಿಂಗೆ ಬರುತ್ತಾ?"

ನಡುವೆ ಅಮ್ಮ ಇರಲಿಲ್ಲ.

ಅಂದಿನಿಂದ ಇಬ್ಬರೂ ಬಿಡುವಿಲ್ಲದೆ ಮಾತಾಡಿದರು. ಯಾರು ಎಲ್ಲಿ ಕೂರಬೇಕೆಂದು ಅಂಜನ್ ಪೆನ್ಸಿಲಿನಲ್ಲಿ ನಕ್ಷೆ ಬರೆದ. ಮಂತ್ರ ಕಟ್ಟಿದವನೂ ಅವನೇ: 'ಬೂದಿ ಬೂದಿ ಬೂದಿಗೆರೆ, ಹೋದ ಅಪ್ಪನ ವಾಪಸ್ ಕರೆ.' ಮೂರು ಸಲ ಹೇಳಿ ಚಪ್ಪಾಳೆ ತಟ್ಟಿದ ಮೇಲೆ ಅಪ್ಪ ಬರಬೇಕು, ಎರಡಕ್ಕೇ ಬರಕೂಡದು ಎಂದು ಕಾನೂನನ್ನೂ ಮಾಡಿದ. ವೇಣುಗೋಪಾಲ್ ಬಡಗಿಯ ಹತ್ತಿರ ಬೀರುವಿನಂಥ ಒಂದು ಪೆಟ್ಟಿಗೆ ಮಾಡಿಸಿದ. ಒಳಗೆಲ್ಲ ಕಪ್ಪು ಬಟ್ಟೆ. ಹಿಂಬದಿಯಲ್ಲಿ ಒಂದು ಸುಳ್ಳು ಹಲಗೆ. ಅದರ ಹಿಂದೆ ಒಬ್ಬ ಬಡಕಲು ಉಪನ್ಯಾಸಕ ನಿಲ್ಲುವಷ್ಟು ಜಾಗ. ಒಳಗಿನಿಂದ ತಳ್ಳಿದರೆ ಹಲಗೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಹಲಗೆಯ ವಿಷಯ ಮಗನಿಗೆ ಹೇಳಿರಲಿಲ್ಲ. ಮಗ ಕೇಳಿಯೂ ಇರಲಿಲ್ಲ. ಅಪ್ಪ ನಿಜವಾಗಿಯೇ ಮಾಯವಾಗುತ್ತಾನೆಂದು ಅವನು ನಂಬಿದ್ದ. ಶಾಲೆಯಲ್ಲಿ ಹನ್ನೊಂದು ಮಕ್ಕಳನ್ನೂ ನಂಬಿಸಿದ್ದ.

ಆ ಭಾನುವಾರ ಬೆಳಗ್ಗೆ ಬಚ್ಚಲಿನಿಂದ ಬಂದು ವೇಣುಗೋಪಾಲ್ ಫೋನ್ ನೋಡಿದ. ಆರೂಮುಕ್ಕಾಲಿಗೆ ಹುಟ್ಟೂರು ತ್ಯಾಮಗೊಂಡ್ಲಿನಿಂದ ಮಂಜೇಶ್ ಮೆಸೇಜ್ ಹಾಕಿದ್ದ. ಮಂಜೇಶ್ ಅವನ ಚಿಕ್ಕಪ್ಪನ ಮಗ. 'ಅಣ್ಣ, ಹೆಣ್ಣು ಮಗು. ತಾಯಿ ಮಗು ಚೆನ್ನಾಗವ್ರೆ. ದೊಡ್ಡಮ್ಮಂಗೆ ಹೇಳು.' ಕೆಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕೆಂಪು ಮುಖ, ಲೋಕವನ್ನು ಕಂಡು ಆಗಲೇ ಹುಬ್ಬು ಗಂಟಿಕ್ಕಿತ್ತು.

ವೇಣುಗೋಪಾಲ್ ನಕ್ಕ. ನಂತರ, ಹಲ್ಲು ಇನ್ನೂ ಹೊರಗಿರುವಾಗಲೇ, ನೆನಪಾಯಿತು.

ಸೂತಕ.

ಅಣ್ಣತಮ್ಮಂದಿರ ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ. ದೇವರ ದೀಪ ಹಚ್ಚುವಂತಿಲ್ಲ, ಆರತಿ ಎತ್ತುವಂತಿಲ್ಲ, ಹೊರಗಿನವರು ಬಂದು ಒಂದು ಲೋಟ ನೀರು ಕುಡಿಯುವಂತಿಲ್ಲ. ಮನೆಯಲ್ಲಿ ಈ ಶಾಸನವನ್ನು ಜಾರಿಯಲ್ಲಿಟ್ಟಿದ್ದವಳು ಅವನ ತಾಯಿ ಅಂಜಿನಮ್ಮ. ಹುಟ್ಟಿದ ಹಬ್ಬಕ್ಕೆ ಹುಟ್ಟೇ ಅಡ್ಡ ಬಂದಿತ್ತು.

ಆದರೆ ಶಾಸನದಲ್ಲಿ ಒಂದು ತೂತೂ ಇತ್ತು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಮಾತ್ರ ಸೂತಕ; ಗೊತ್ತಿಲ್ಲದವರಿಗೆ ಅಂಟುವುದಿಲ್ಲ. ಇದನ್ನೂ ಅಂಜಿನಮ್ಮನೇ ಎಷ್ಟೋ ಸಲ ಹೇಳಿದ್ದಳು. ನೋಡುವ ತನಕ ಇಲ್ಲ, ನೋಡಿದ ತಕ್ಷಣ ಇದೆ. ಇಂಥದ್ದೇ ಏನನ್ನೋ ವೇಣುಗೋಪಾಲ್ ಎಂ.ಎಸ್ಸಿ.ಯಲ್ಲಿ ಬೇರೆ ಹೆಸರಿನಿಂದ ಓದಿದ್ದ, ಅರ್ಥವಾಗಿರಲಿಲ್ಲ. ಈಗ ಆಯಿತು.

ಅವನು ಫೋನ್ ಆಫ್ ಮಾಡಿದ. ತಾಯಿಯ ಫೋನನ್ನು ಚಾರ್ಜಿಗೆ ಹಾಕುವ ನೆಪದಲ್ಲಿ ಒಳಗೆ ಒಯ್ದು ಅದನ್ನೂ ಆಫ್ ಮಾಡಿದ. ವಾಣಿಶ್ರೀಯ ಫೋನನ್ನು ಮುಟ್ಟಲಿಲ್ಲ. ಶೋನ ವಿಡಿಯೋ ತೆಗೆಯಲು ಅದು ಬೇಕಿತ್ತು. ಮನೆಯಲ್ಲಿ ಈಗ ಸೂತಕವಿದ್ದದ್ದು ಒಬ್ಬನಿಗೆ ಮಾತ್ರ, ಅದನ್ನು ನಂಬದವನಿಗೆ.

"ವೇಣು, ದೇವರ ಮನೆಯಿಂದ ಆರತಿ ತಟ್ಟೆ ಎತ್ಕಂಬಾಪ್ಪ," ಎಂದಳು ಅಂಜಿನಮ್ಮ.

"ಕೈ ಎಣ್ಣೆ ಆಗದೆ ಕಣಮ್ಮ."

"ಯಾತ್ರ ಎಣ್ಣೆ?"

"ಪೆಟ್ಟಿಗೆ ಕೀಲಿಗೆ ಬಿಟ್ಟೆ."

"ಅದೇನ್ ಪೆಟ್ಟಿಗೆನೋ, ಹೆಣ ಇಕ್ಕೋ ಹಂಗದೆ," ಎಂದು ಗೊಣಗಿ ಅವಳೇ ಹೋದಳು.

ಅವನಿಗೆ ತನ್ನ ಮೇಲೆಯೇ ನಗು ಬಂತು. ಸೂತ್ರ ಹೇಳಿಕೊಡುವವನು ಸೂತಕಕ್ಕೆ ಹೆದರುವುದೇ? ಹೆದರಲಿಲ್ಲ. ಸುಮ್ಮನೆ ಎಣ್ಣೆಯಾಗಿದೆ ಅಂದ, ಅಷ್ಟೆ.

ನಾಲ್ಕು ಗಂಟೆಗೆ ಅಂಜನ್ ಹೊಸ ಅಂಗಿ ತೊಟ್ಟು ಬಂದ. ಗುಂಡಿಗಳೆಲ್ಲ ಬಿಚ್ಚಿದ್ದವು. ಅಡುಗೆಮನೆಯಲ್ಲಿ ವಾಣಿಶ್ರೀ ಇದ್ದಳು, ಹಜಾರದಲ್ಲಿ ಅಜ್ಜಿ ಇದ್ದಳು. ಇಬ್ಬರನ್ನೂ ದಾಟಿ ಅವನು ಸೀದಾ ಅಪ್ಪನ ಮುಂದೆ ಬಂದು ಎದೆ ಸೆಟೆಸಿ ನಿಂತ.

"ಅಪ್ಪ, ಗುಂಡಿ ಹಾಕು."

ಹಿಂದಿನ ಆರು ಹುಟ್ಟುಹಬ್ಬಗಳಲ್ಲಿ ಆಗದೇ ಇದ್ದದ್ದು ಆಯಿತು. ವೇಣುಗೋಪಾಲ್ ಕೈ ಮುಂದೆ ಚಾಚಿದ. ಕೈ ಅಂಗಿಯ ತನಕ ಹೋಗಿ ನಿಂತಿತು. ಹುಟ್ಟಿದ ದಿನ, ಹೊಸ ಬಟ್ಟೆ, ಮಗು. ಬೆರಳುಗಳು ತಾವಾಗಿಯೇ ಹಿಂದಕ್ಕೆ ಬಂದವು.

"ಅಮ್ಮನ ಹತ್ರ ಹೋಗು."

"ನೀನೇ ಹಾಕು."

"ಹೋಗು ಅಂದ್ನಲ್ಲ."

ಅಂಜನ್ ಅವನನ್ನು ಒಂದು ಕ್ಷಣ ನೋಡಿದ. ಮೇಲೆ ಒಂದು ವಿಮಾನ ಹಾದು ಕಿಟಕಿಯ ಗಾಜುಗಳು ನಡುಗಿದವು. ಅದರ ಸದ್ದು ಅಡಗಿದಾಗ ಅಡುಗೆಮನೆಯಿಂದ ಕೇಳಿಸಿತು: "ಅಮ್ಮ, ಅಪ್ಪಂಗೆ ಹೇಳು, ಟೈಮ್ ಆಗ್ತಾ ಬಂತು ಅಂತ."

ವೇಣುಗೋಪಾಲ್ ತನ್ನ ಕೈಯನ್ನು ನೋಡಿಕೊಂಡ. ಎಂ.ಎಸ್ಸಿ. ಮಾಡಿದ್ದು ತಲೆ, ಕೈ ಇನ್ನೂ ತ್ಯಾಮಗೊಂಡ್ಲಿನಲ್ಲೇ ಇತ್ತು. ಪರವಾಗಿಲ್ಲ, ಒಂದೂವರೆ ಗಂಟೆ ಕಳೆದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡ. ಪೆಟ್ಟಿಗೆಯಿಂದ ಹೊರಬಂದಾಗ ಮಗ ಓಡಿ ಬರುತ್ತಾನೆ.

ಐದಕ್ಕೆ ಮಕ್ಕಳು ಬಂದರು. ಪಕ್ಕದ ಮನೆಯ ಮಮತ ತನ್ನಿಬ್ಬರನ್ನು ಕರೆತಂದು ತಾನೂ ಕೂತಳು. ಗದ್ದಲದ ಸಂಭ್ರಮದಲ್ಲಿ ವೇಣುಗೋಪಾಲ್ ಎಲ್ಲರಿಗೂ ಜ್ಯೂಸ್ ಬಗ್ಗಿಸಿ ಕೊಟ್ಟ. ಕಂಡವರ ಮಕ್ಕಳಿಗೆ ಕೊಡುವಾಗ ಕೈಗೆ ಏನೂ ನೆನಪಾಗಲಿಲ್ಲ.

ಶೋ ಆದ ಮೇಲೆ ಕೇಕು ಎಂದು ತೀರ್ಮಾನವಾಗಿತ್ತು. ಐದೂವರೆಗೆ ಅವನು ಪೆಟ್ಟಿಗೆ ಹೊಕ್ಕ. ಅಂಜನ್ ಬಾಗಿಲು ಮುಚ್ಚಿದ. ಒಳಗೆ ಅವನು ಹಲಗೆಯ ಹಿಂದೆ ಸರಿದು ಅದನ್ನು ಎಳೆದುಕೊಂಡ. ಬಾಗಿಲು ತೆರೆದ ಸದ್ದು.

ಯಾರೂ ಉಸಿರೆತ್ತಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಒಂದು ಕೋಣೆ ಅವನಿಗಾಗಿ ಹೀಗೆ ಮೌನವಾದದ್ದಿಲ್ಲ. ಅವನಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಕತ್ತಲಲ್ಲಿ ಮೂಗು ಪ್ಲೈವುಡ್ಡಿಗೆ ತಾಗಿಸಿಕೊಂಡು ಅವನು ಬಾಯಿ ತುಂಬ ನಕ್ಕ.

"ಹೋಗ್ಬಿಟ್ರು ಲೇ!" ಯಾವುದೋ ಮಗು ಕಿರುಚಿತು.

"ನಾನು ಹೇಳಿರ್ಲಿಲ್ವಾ?" ಅದು ಅಂಜನ್. ಆ ದನಿಯ ಹೆಮ್ಮೆಯನ್ನು ಜೇಬಿಗೆ ಹಾಕಿಕೊಳ್ಳುವಂತಿತ್ತು. ಅವನು ಬಾಗಿಲು ಮುಚ್ಚಿದ. "ಎಲ್ರೂ ಹೇಳಿ! ಬೂದಿ ಬೂದಿ ಬೂದಿಗೆರೆ, ಹೋದ ಅಪ್ಪನ ವಾಪಸ್ ಕರೆ!"

ಚಪ್ಪಾಳೆ. ಒಂದು.

ವಿಡಿಯೋ ತೆಗೆಯುತ್ತಿದ್ದ ಫೋನ್ ರಿಂಗಾಯಿತು.

"ಅತ್ತೆ, ಮಂಜೇಶ. ನಿಮ್ಮ ಹತ್ರ ಮಾತಾಡ್ಬೇಕಂತೆ," ಎಂದಳು ವಾಣಿಶ್ರೀ. ಅಂಜಿನಮ್ಮನ ಕಿವಿ ಮಂದ. ವಾಣಿಶ್ರೀ ಎಂದಿನಂತೆ ಸ್ಪೀಕರ್ ಹಾಕಿದಳು.

"ದೊಡ್ಡಮ್ಮಾ! ಹೆಣ್ಣು ಮಗು ಆಗದೆ ಕಣಮ್ಮ!"

"ಅಯ್ಯೋ ನನ್ ಬಂಗಾರ! ಯಾವಾಗ್ಲಾ?"

"ಬೆಳಗಿನ ಜಾವ. ವೇಣಣ್ಣ ಹೇಳ್ಲಿಲ್ವಾ? ಆಗ್ಲೇ ಮೆಸೇಜ್ ಹಾಕಿದ್ನಲ್ಲ. ನೋಡವ್ರೆ, ನೀಲಿ ಟಿಕ್ ಬಂದದೆ."

ಇನ್ನೊಂದು ವಿಮಾನ ಹೋಯಿತು.

"ಸೂತಕ ಆಯ್ತಲ್ಲಮ್ಮ," ಎಂದಳು ಅಂಜಿನಮ್ಮ.

"ಅತ್ತೆ, ನಮಗೆ ಈಗ ತಾನೆ ಗೊತ್ತಾಗಿದ್ದು," ವಾಣಿಶ್ರೀಯ ದನಿ. "ಈಗಿಂದ ಲೆಕ್ಕ ಹಾಕಿ. ಇವರೆಲ್ಲ ಜ್ಯೂಸ್ ಕುಡಿದಿದ್ದು ಮುಂಚೆ."

"ವೇಣಣ್ಣಂಗೆ ಬೆಳಗ್ಗೆನೇ ಗೊತ್ತಿತ್ತಲ್ಲ," ಎಂದಳು ಮಮತ. "ಜ್ಯೂಸ್ ಕೊಟ್ಟಿದ್ದು ಅವರ ಕೈಯಾರೆನೇ."

"ಅವರೇನು ಕೇಳಿಸ್ಕೊಂಡಿಲ್ಲ. ಓದಿದ್ದು," ಎಂದಳು ವಾಣಿಶ್ರೀ.

ವಾದದಲ್ಲಿ ತೂಕವಿತ್ತು. ಹಲಗೆಯ ಹಿಂದೆ ಆರೋಪಿ ಉಸಿರು ಬಿಗಿಹಿಡಿದ. ಅಂಜಿನಮ್ಮ ತೀರ್ಪು ಕೊಟ್ಟಳು.

"ಓದ್ಕಂಡ್ರೂ ಸೂತಕವೇ. ನಮ್ ಕಾಲ್ದಲ್ಲಿ ಕಾಗ್ದ ಬರ್ತಿರ್ಲಿಲ್ವಾ? ಓದಿದ್ ತಕ್ಷಣ ತಲೆಗ್ ನೀರ್ ಹುಯ್ಕತಿರ್ಲಿಲ್ವಾ?"

"ನಾಳೆ ತಿರುಪತಿಗೆ ಹೊರಟಿದ್ದೀವಿ ಕಣಮ್ಮ. ಬೇಜಾರ್ ಮಾಡ್ಕೋಬೇಡಿ," ಎಂದು ಮಮತ ಎದ್ದಳು. "ನಡೀರೋ, ಎಲ್ಲರ್ನೂ ಮನೆಗೆ ಬಿಟ್ಬರ್ತೀನಿ. ಕೇಕ್ ಆಮೇಲೆ ಇನ್ನೊಂದಿನ."

"ಆಂಟಿ, ಇನ್ನೆರಡೇ ಸಲ!" ಅಂಜನ್ ಕೂಗುತ್ತಿದ್ದ. "ಎರಡೇ ಸಲ ಹೇಳ್ಬಿಡಿ ಆಂಟಿ!"

ಕುರ್ಚಿಗಳು ಸರಿದಾಡಿದವು. ಚಪ್ಪಲಿಗಳು ಜೋಡಿ ಹುಡುಕಿದವು. ಗೇಟು ಕಿರುಗುಟ್ಟಿತು. ಹೊರಗೆ ಬರಬೇಕೆಂದು ವೇಣುಗೋಪಾಲನಿಗೆ ಅನ್ನಿಸಿತು. ಬಂದರೆ ಬರುವವನು ಜಾದೂಗಾರನಲ್ಲ, ಸೂತಕ ಮುಚ್ಚಿಟ್ಟವನು. ಅಲ್ಲೇ ನಿಂತ.

"ಎಲ್ಲಿ ಅವ್ನು?" ಅಂಜಿನಮ್ಮ ಕೇಳಿದಳು.

"ಮಾಯ ಆಗವ್ರೆ," ವಾಣಿಶ್ರೀ ಚುಟುಕಾಗಿ ಹೇಳಿದಳು. "ಬರ್ಲಿ, ಬರ್ಬೇಕು ಅನ್ನಿಸ್ದಾಗ."

ಪಾತ್ರೆಗಳಿಗೆ ಮುಚ್ಚಳ ಹಾಕುವ ಸದ್ದು. ಅಂಜನ್ ಅಳುತ್ತಿರಲಿಲ್ಲ. ಅದು ವಿಚಿತ್ರವಾಗಿತ್ತು.

"ಅಜ್ಜಿ, ಅದಕ್ಕೇನಾ ಅಪ್ಪ ನಂಗೆ ಗುಂಡಿ ಹಾಕ್ಲಿಲ್ಲ?"

"ಇದ್ರೂ ಇರ್ಬೋದು ಕಣಪ್ಪ."

"ಈಗ ನಾನು ಅಪ್ಪನ್ನ ಮುಟ್ಟಿದ್ರೆ?"

"ಮುಟ್ಕೋ. ಮನೆಯೋರು ಮನೆಯೋರ್ನ ಮುಟ್ಟಿದ್ರೆ ಏನಾಯ್ತದೆ? ನಮಗೆಲ್ಲ ಒಂದೇ ಸೂತಕ. ಬೆಳಗ್ಗಿಂದ ಪಾಪ ಅವನೊಬ್ನೇ ಹೊತ್ಕಂಡ್ ತಿರುಗವ್ನೆ, ಪೆದ್ದು ನನ್ಮಗ." ಅವಳು ನಗುತ್ತಿದ್ದಳು. "ಮಂಜೇಶಂಗೆ ಮಗೀನ್ ಫೋಟೋ ಕಳ್ಸು ಅನ್ನು ವಾಣಿ, ನೋಡಾನ."

ಇಬ್ಬರ ದನಿಗಳೂ ಅಡುಗೆಮನೆಯ ಕಡೆ ಹೋದವು. ಹಜಾರದಲ್ಲಿ ಮಗ ಒಬ್ಬನೇ ಉಳಿದ.

"ಬೂದಿ ಬೂದಿ ಬೂದಿಗೆರೆ," ಎಂದ ಅಂಜನ್, ಮೆಲ್ಲಗೆ. ಪುಟ್ಟ ಕೈಗಳ ಚಪ್ಪಾಳೆ. ಎರಡು.

ಬಾಗಿಲು ತೆರೆಯಿತು. ವೇಣುಗೋಪಾಲ್ ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿ ಮೂರನೆಯದಕ್ಕೆ ಕಾದ.

"ನಿಜವಾಗ್ಲೂ ಇಲ್ಲ," ಎಂದ ಮಗ. ಯಾರಿಗೂ ಹೇಳುತ್ತಿರಲಿಲ್ಲ. ಆ ದನಿಯಲ್ಲಿ ದುಃಖವಿರಲಿಲ್ಲ, ಬರೀ ಬೆರಗು. ಆಮೇಲೆ ಅವನು ಪೆಟ್ಟಿಗೆಯೊಳಗೆ ಹತ್ತಿದ. ಕಪ್ಪು ಬಟ್ಟೆಗೆ ಬೆನ್ನು ಆನಿಸಿ ಕೂತ. ಕಿರಿದಾದ ಬೆನ್ನಿನ ಭಾರ ವೇಣುಗೋಪಾಲನ ಮೊಣಕಾಲುಗಳಿಗೆ ತಿಳಿಯಿತು.

"ಅಪ್ಪ, ಈಗ್ಲೇ ಬರ್ಬೇಡ. ಅಮ್ಮಂಗೆ ಕೋಪ ಬಂದದೆ. ಆಮೇಲೆ ಹೇಳ್ತೀನಿ ಮೂರನೇದು." ತುಸು ತಡೆದು, "ಚಿಕ್ಕ ಪಾಪು ಹುಟ್ಟದೆ ಗೊತ್ತಾ? ನಿಂಗೆ ಗೊತ್ತು ಬಿಡು. ಗುಂಡಿ ಅಮ್ಮನೇ ಹಾಕಿದ್ಲು. ಒಂದು ತಪ್ಪು ಹಾಕವ್ಳೆ, ಮೇಲ್ಗಡೆದು. ನಾನು ಸುಮ್ನಿದ್ದೀನಿ. ನಾಳೆ ಸ್ಕೂಲಲ್ಲಿ ಅವರೆಲ್ಲ ಕೇಳ್ತಾರೆ, ನಿಮ್ಮಪ್ಪ ಬಂದ್ರಾ ಅಂತ..."

ಅವನು ಮಾತಾಡುತ್ತಲೇ ಇದ್ದ. ಇಲ್ಲದ ಅಪ್ಪನಿಗೆ ಹೇಳಲು ಅವನ ಬಳಿ ಇಷ್ಟೊಂದಿತ್ತು.

ಹಲಗೆ ಮುಂದಕ್ಕೆ ತೆರೆಯುವಂಥದ್ದು. ತಳ್ಳಿದರೆ ಮಗು ಮುಗ್ಗರಿಸುತ್ತದೆ. ಕೆಮ್ಮಿದರೆ ಮಾತು ನಿಲ್ಲುತ್ತದೆ. ಪ್ಲೈವುಡ್ಡು ಅರ್ಧ ಇಂಚು ದಪ್ಪ. ವೇಣುಗೋಪಾಲ್ ಉಸಿರನ್ನು ಸಣ್ಣಗೆ, ಆದಷ್ಟು ಸಣ್ಣಗೆ ಬಿಟ್ಟ. ಆದರೂ ಪ್ರತಿ ಉಸಿರಿಗೂ ಹಲಗೆ ಒಂದು ಕೂದಲೆಳೆಯಷ್ಟು ಮುಂದೆ ಹೋಗಿ ಹಿಂದೆ ಬರುತ್ತಿತ್ತು.

ಮಗನ ಮಾತು ನಿಂತಿತು. ಬೆನ್ನು ಅಲ್ಲಾಡಲಿಲ್ಲ. ಹಲಗೆ ಮುಂದೆ ಬಂತು, ಹಿಂದೆ ಹೋಯಿತು. ಆಮೇಲೆ ಆ ಬೆನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿ, ಪೂರ್ತಿ ಭಾರ ಬಿಟ್ಟು ಕೂತಿತು.