ಡಿಯರ್ಲಿ ಎಂಬ ಪದ

ಅಪ್ಪನ ಗೋರಿಕಲ್ಲಿಗೆ ಏನು ಕೆತ್ತಿಸಬೇಕೆಂದು ಅಕ್ಕ ಈನಿಡ್ ಒಬ್ಬಳೇ ತೀರ್ಮಾನಿಸಿಬಿಟ್ಟಿದ್ದಳು. ಹ್ಯಾಲಿಫ್ಯಾಕ್ಸಿನ ಕಲ್ಲುಕುಟಿಗನ ಅಂಗಳದಲ್ಲಿ, ಸೀಮೆಸುಣ್ಣದಲ್ಲಿ ಬರೆದಿದ್ದ 'ಡಿಯರ್ಲಿ ಲವ್ಡ್ ಫಾದರ್' ಎಂಬ ಸಾಲು ಓದಿ ಥೆಲ್ಮಾಗೆ ಮೈಯೆಲ್ಲ ಉರಿಯಿತು.

ಡಿಯರ್ಲಿ! ಈ ಪದಕ್ಕೆ ಎರಡು ನಾಲಿಗೆ. ಅಕ್ಕರೆಯಿಂದ ಅನ್ನುವುದಕ್ಕೂ ಅದೇ, ಭಾರೀ ಬೆಲೆ ತೆತ್ತು ಅನ್ನುವುದಕ್ಕೂ ಅದೇ. ಅಪ್ಪನ ಬಾಯಲ್ಲಿ ಥೆಲ್ಮಾ ಅದನ್ನು ಕೇಳಿದ್ದು ಒಂದೇ ಸಲ. ಪ್ರಾಟೆಸ್ಟೆಂಟ್ ಮನೆಯ ತಾನು ಐರ್ಲೆಂಡಿನ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾಗುತ್ತೇನೆಂದ ದಿನ, ಇದಕ್ಕೆ ನೀನು ಡಿಯರ್ಲಿ ತೆರುತ್ತೀಯ ಎಂದು ಟೀ ಕುಡಿಯುತ್ತಲೇ ಹೇಳಿ ಮುಖ ತಿರುಗಿಸಿದ ಮನುಷ್ಯ, ಸಾಯುವವರೆಗೂ ಇತ್ತ ತಿರುಗಲಿಲ್ಲ. ಮೊಮ್ಮಕ್ಕಳನ್ನೂ ನೋಡಲಿಲ್ಲ. ಈನಿಡ್ ಆಗ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅಂಥವನಿಗೆ ಅಕ್ಕರೆಯ ಕಲ್ಲಂತೆ!

"ಅಕ್ಕಾ, ಉಳಿದಿದ್ದೆಲ್ಲ ಇರ್ಲಿ. ಆ ಒಂದು ಪದ ಅಳಿಸಿಸ್ಬಿಡು."

ಇಬ್ಬರೂ ಒಪ್ಪದೆ ಉಳಿ ಮುಟ್ಟುವುದಿಲ್ಲವೆಂದಿದ್ದ ಕಲ್ಲುಕುಟಿಗ ಒದ್ದೆ ಬಟ್ಟೆ ಹಿಡಿದು ಕಾಯುತ್ತ ನಿಂತ. ಆ ಪದಕ್ಕೆ ಬೆಲೆ ತೆತ್ತವಳು ತಾನು, ತವರು ಕಳೆದುಕೊಂಡವಳು ತಾನು ಎಂದು ಥೆಲ್ಮಾ ಹಳೆಯದನ್ನೆಲ್ಲ ಎತ್ತಿ ಆಡಿದಳು.

"ನೀನೇನು ತೆತ್ತೆ?" ಈನಿಡ್ ತಣ್ಣಗೆ ಕೇಳಿದಳು. "ನಿಂಗೆ ಗಂಡ ಸಿಕ್ಕ, ಮಕ್ಕಳಾದ್ರು. ನೀನು ಹೋದ್ಮೇಲೆ ಅಪ್ಪನ್ನ ಒಬ್ಬರನ್ನೇ ಬಿಡೋಕಾಗ್ದೆ, ಬಸ್ ಓಡಿಸ್ತಿದ್ದ ಆರ್ನಲ್ಡ್‌ಗೆ ಮದುವೆ ಆಗಲ್ಲ ಅಂದೋಳು ನಾನು. ಅವನ ಮದುವೆ ಕೇಕೂ ನಾನೇ ಮಾಡ್ಕೊಟ್ಟೆ, ಗೊತ್ತಾ?"

ಗೊತ್ತಿರಲಿಲ್ಲ. ಆರ್ನಲ್ಡ್ ತಾನಾಗಿಯೇ ಕೈಕೊಟ್ಟನೆಂದು ಥೆಲ್ಮಾ ಇಷ್ಟು ವರ್ಷ ನಂಬಿದ್ದಳು. ಅಕ್ಕ ಪೆದ್ದಿ, ಒಬ್ಬನನ್ನು ಹಿಡಿದಿಟ್ಟುಕೊಳ್ಳಲೂ ಬರಲಿಲ್ಲ ಎಂದು ಗಂಡನ ಮುಂದೆ ನಕ್ಕಿದ್ದೂ ಉಂಟು.

"ಅಪ್ಪನ್ನ ಪ್ರೀತಿಸ್ದೆ. ಅದು ತುಂಬ ತುಟ್ಟಿ ಬಿತ್ತು," ಎಂದಳು ಈನಿಡ್. "ಆ ಪದ ಅವರದ್ದಲ್ಲ ಕಣೆ, ನಂದು. ಇರ್ಲಿ ಬಿಡು."

ಹಾಸಿಗೆ ಹಿಡಿದಿದ್ದ ಅಪ್ಪನ ಬಟ್ಟೆ ಒಗೆದೊಗೆದು ಬಿರಿದಿದ್ದ ಅಕ್ಕನ ಕೈಗಳು ಥೆಲ್ಮಾಳ ಕಣ್ಣಿಗೆ ಬಿದ್ದವು. ಅಂದು ಅಪ್ಪ ಹಾಕಿದ ಶಾಪ ಬಾಗಿಲು ದಾಟಿ ಹೋದ ಮಗಳಿಗೆ ತಟ್ಟಿರಲಿಲ್ಲ, ಪಾತ್ರೆ ತೊಳೆಯುತ್ತಿದ್ದ ಮಗಳಿಗೆ ತಟ್ಟಿತ್ತು.

ಇದ್ದ ಹಾಗೇ ಕೆತ್ತಿ ಎಂದು ಥೆಲ್ಮಾ ಕಲ್ಲುಕುಟಿಗನಿಗೆ ಹೇಳಿದಳು. ಅವನು ಒದ್ದೆ ಬಟ್ಟೆಯನ್ನು ಪಕ್ಕಕ್ಕಿಟ್ಟು ಆ ಪದದಿಂದಲೇ ಕೆತ್ತಲು ಶುರುಮಾಡಿದ.