ಸ್ವಲ್ಪ ಸೀರಿಯಸ್

ಅಪ್ಪ ಸಾಯುವ ಹೊತ್ತಿಗೆ ಮಗ ಮೆಡಲಿಗಾಗಿ ಓಡುತ್ತಿದ್ದ ಎಂದು ಪಂಜದಲ್ಲಿ ಈಗಲೂ ಹೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾರೆ, ಮದುವೆಮನೆಯಲ್ಲಿ ಪಾಯಸ ಸುರಿಯುತ್ತಾ ಹೇಳುತ್ತಾರೆ. ಫೋನು ಬಂದಿತ್ತಂತೆ, ಆದರೂ ನಿಲ್ಲಿಸಲಿಲ್ಲವಂತೆ. ಹೌದು, ಫೋನು ಹೋಗಿತ್ತು. ಮಾಡಿದವಳು ನಾನೇ, ಅವನ ತಂಗಿ ಭವಿತಾ. ಇವರ ಬಾಯಿಗೆ ಬೀಗ ಹಾಕುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಮನೆಯಲ್ಲಿ ನಮ್ಮದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಣ್ಣ ಹರಿಪ್ರಸಾದನದ್ದು ಕಡಬದಲ್ಲಿ ಫೋಟೋ ಸ್ಟುಡಿಯೋ. ಕಂಪ್ಯೂಟರಿನ ಎದುರು ಕೂತು ಊರವರ ಮದುವೆ ಆಲ್ಬಂ ಮಾಡುತ್ತಾ ತನ್ನ ಮದುವೆಯನ್ನು ಮರೆತ. ನಲವತ್ತು ದಾಟುವಾಗ ಹೊಟ್ಟೆ ಬಂತು, ಅದರ ಬೆನ್ನಿಗೇ ಶುಗರ್ ಬಂತು. ಡಾಕ್ಟರು ನಡೆಯಲು ಹೇಳಿದರು. ಪಕ್ಕದ ಮೊಬೈಲ್ ಅಂಗಡಿಯ ಅಫ್ರೀದ್, ನಡೆಯುವುದು ಮುದುಕರಿಗೆ, ನಾವು ಓಡುವ ಎಂದ. ಜನವರಿಯಲ್ಲಿ ಪುತ್ತೂರಿನಲ್ಲೊಂದು ಓಟವಿದೆ, ಪುತ್ತೂರಿನಿಂದ ಕುಂಬ್ರಕ್ಕೆ ಹೋಗಿ ಅದೇ ದಾರಿಯಲ್ಲಿ ವಾಪಸು, ಇಪ್ಪತ್ತೊಂದು ಕಿಲೋಮೀಟರ್ ಎಂದು ಹೇಳಿ ಇಬ್ಬರ ಹೆಸರನ್ನೂ ಅವನೇ ಕೊಟ್ಟುಬಿಟ್ಟ.

ಮೊದಲ ದಿನ ಅಣ್ಣ ಮನೆಯಿಂದ ಪಂಜ ಪೇಟೆಯವರೆಗೂ ಮುಟ್ಟಲಿಲ್ಲ. ಸೊಸೈಟಿಗೆ ಹಾಲು ಕೊಡಲು ಹೊರಟವರು ಬಸ್ಸು ತಪ್ಪಿತಾ ಎಂದು ಕೇಳಿದರಂತೆ. ಅಪ್ಪ ಜಗಲಿಯಲ್ಲಿ ಕೂತು ನಕ್ಕರು. ನಮ್ಮ ಅಪ್ಪ ಕೂಸಪ್ಪ ಬದುಕಿಡೀ ಖಾಸಗಿ ಬಸ್ಸು ಓಡಿಸಿದವರು. ಇವನಿಗೆ ಡೀಸೆಲ್ ಬೇಡ ನಿಜ, ಆದರೆ ಪಿಕಪ್ಪೇ ಇಲ್ಲ ಎಂದು ನನಗೆ ಫೋನು ಮಾಡಿ ಹೇಳಿದರು. ಒಂದು ವಾರ ನಕ್ಕರು. ಆಮೇಲೊಂದು ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, ಸ್ಕೂಟರಿನ ಮುಂದೆ ನೀರಿನ ಬಾಟಲಿ ಇಟ್ಟುಕೊಂಡು ಮಗನ ಹಿಂದೆ ತಾವೂ ಹೊರಟರು.

ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಮಾತೇ ಇರಲಿಲ್ಲ. ಅನ್ನ ಆಯಿತಾ, ಗೇಟು ಹಾಕಿದೆಯಾ, ಅಷ್ಟೇ. ಈಗ ಸ್ಕೂಟರಿನಲ್ಲಿ ಕೂತು ಅಪ್ಪ ದಾರಿಯುದ್ದಕ್ಕೂ ಬೈಯುತ್ತಿದ್ದರು. ಏರು ಬಂದಾಗ ಗೇರು ಇಳಿಸು ಎನ್ನುತ್ತಿದ್ದರು, ಅಂದರೆ ಹೆಜ್ಜೆ ಸಣ್ಣದು ಮಾಡು ಎಂದು. ಮಗನ ಉಸಿರಿನ ಸದ್ದು ಕೇಳಿಯೇ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವಷ್ಟಾದರು. ಭಾನುವಾರ ಉದ್ದ ಓಡಿ ಬಂದ ಮೇಲೆ ಇಬ್ಬರೂ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದರು. ಶುಗರಿನವನಿಗೆ ಬನ್ಸ್ ಯಾಕೆ ಎಂದು ನಾನು ಜಗಳ ಮಾಡುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ಒಟ್ಟಿಗೆ ನಗುವುದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಪುತ್ತೂರಿನಲ್ಲಿ ಓಟ ಮುಗಿಯುವ ಜಾಗದಲ್ಲಿ ನಿಂತು ಮಗ ಬರುವುದನ್ನು ನೋಡಬೇಕು ಎಂಬುದೊಂದೇ ಆಗ ಅಪ್ಪನಿಗಿದ್ದ ಆಸೆ.

ಆ ಆಸೆ ನಡೆಯಲಿಲ್ಲ. ಓಟಕ್ಕೆ ಇನ್ನೇನು ಮೂರ್ನಾಲ್ಕು ದಿನ ಇರುವಾಗ ಅಪ್ಪನಿಗೆ ಉಸಿರಾಟದ ತೊಂದರೆ ಶುರುವಾಯಿತು. ನನ್ನ ಮನೆ ಸುಳ್ಯದಲ್ಲೇ ಇದ್ದುದರಿಂದ ಅಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಧೈರ್ಯ ಹೇಳಿದರು. ಅಣ್ಣ ಓಡುವುದಿಲ್ಲ ಎಂದು ಹಟ ಹಿಡಿದು ಮಂಚದ ಹತ್ತಿರ ಕೂತ. ಅಪ್ಪ ಮೂಗಿನ ಪೈಪನ್ನು ಸರಿಸಿ ಅವನನ್ನು ಬೈದರು.

"ನೀನು ಇಲ್ಲಿ ಕೂತರೆ ನನ್ನ ಉಸಿರು ಸರಿ ಆಗ್ತದಾ? ಹೋಗಿ ಓಡು. ಮುಗಿಸಿಯೇ ಬಾ. ಅರ್ಧದಲ್ಲಿ ಇಳಿದವನಿಗೆ ನನ್ನ ಬಸ್ಸಲ್ಲಿ ಟಿಕೆಟಿನ ದುಡ್ಡು ವಾಪಸ್ ಕೊಡ್ಲಿಕ್ಕಿಲ್ಲ."

ಅಣ್ಣ ಹೋದ. ಓಟದ ದಿನ ಬೆಳಿಗ್ಗೆ ಆರು ಗಂಟೆಗೆ, ಅವರೆಲ್ಲ ಪುತ್ತೂರಿನಿಂದ ಹೊರಡುವ ಹೊತ್ತಿಗೆ, ಇಲ್ಲಿ ಅಪ್ಪನ ಸ್ಥಿತಿ ಒಮ್ಮೆಲೇ ಕೆಟ್ಟಿತು. ಐಸಿಯುಗೆ ಹಾಕಿದರು. ಡಾಕ್ಟರು ಒಂದು ಗಂಟೆ ಪಾಡುಪಟ್ಟು ಹೊರಗೆ ಬಂದು, ಹೃದಯ ಸೋಲುತ್ತಿದೆ, ಬರುವವರಿದ್ದರೆ ಕರೆಸಿ ಎಂದರು. ನಾನು ಅಣ್ಣನಿಗೆ ಫೋನು ಮಾಡಿದೆ. ಅವನು ಕುಂಬ್ರ ಮುಟ್ಟಿದ್ದನಷ್ಟೆ. ಅಲ್ಲಿಂದ ತಿರುಗದೆ ನೇರ ಬಂದರೆ ಅದು ಸುಳ್ಯದ್ದೇ ರಸ್ತೆ, ಯಾವ ಗಾಡಿಗೆ ಕೈ ಅಡ್ಡ ಹಿಡಿದರೂ ಮುಕ್ಕಾಲು ಗಂಟೆಯೊಳಗೆ ಅಪ್ಪನ ಹತ್ತಿರ ಇರಬಹುದಿತ್ತು.

"ಅಣ್ಣ, ಅಪ್ಪನಿಗೆ ಸ್ವಲ್ಪ ಸೀರಿಯಸ್. ಗಾಬರಿ ಮಾಡಬೇಡ. ನೀನು ಹೊರಟು ಬಾ."

ಏದುಸಿರಿನ ನಡುವೆಯೇ ಅವನು ಕೇಳಿದ.

"ಎಷ್ಟು ಹೊತ್ತಿಗೆ?"

"ಆರು ಗಂಟೆಗೆ."

"ನೀನು ಹತ್ತಿರ ಇದ್ದಿಯಾ?"

"ಇದ್ದೆ."

"ಆಯ್ತು. ಬರ್ತೇನೆ."

ಇಷ್ಟೇ ನಮ್ಮ ಮಾತು. ಇದರಲ್ಲಿ ನಾನು ಸುಳ್ಳು ಹೇಳಿದ್ದು ಎಲ್ಲಿ? ಅವನು ತಪ್ಪು ಕೇಳಿದ್ದು ಎಲ್ಲಿ? ತಪ್ಪೇನಿದ್ದರೂ ನಮ್ಮ ಊರಿನ ರೂಢಿಯದ್ದು. ನಮ್ಮ ಕಡೆ ಸತ್ತ ಸುದ್ದಿಯನ್ನು ಮನೆಯವರಿಗೆ ಫೋನಿನಲ್ಲಿ ಯಾರೂ ಸತ್ತರೆಂದು ಹೇಳುವುದಿಲ್ಲ. ದೂರದಲ್ಲಿರುವವರು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದಲ್ಲ, ಅದಕ್ಕೆ ಸ್ವಲ್ಪ ಸೀರಿಯಸ್, ಗಾಬರಿ ಮಾಡಬೇಡ, ಹೊರಟು ಬಾ ಎನ್ನುತ್ತಾರೆ. ಅಮ್ಮ ತೀರಿಕೊಂಡಾಗ ಮಂಗಳೂರಿನ ಫೋಟೋ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಣ್ಣನಿಗೆ ಚಿಕ್ಕಪ್ಪ ಹೇಳಿದ್ದು ಅಕ್ಷರಶಃ ಇದನ್ನೇ. ಅವನು ನಂಬಿದ. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೇಳಿಕೊಂಡು, ಉಪ್ಪಿನಂಗಡಿಯಲ್ಲಿ ಇಳಿದು ಅಮ್ಮನಿಗೆಂದು ದ್ರಾಕ್ಷಿ, ಹಾರ್ಲಿಕ್ಸ್ ತೆಗೆದುಕೊಂಡು ಬಂದ. ಬಂದು ನೋಡಿದರೆ ಅಮ್ಮನನ್ನು ಜಗಲಿಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಇಟ್ಟಿದ್ದರು. ಹಾರ್ಲಿಕ್ಸ್ ಬಾಟಲಿ ಹಿಡಿದು ಅವನು ಅಂಗಳದಲ್ಲಿ ನಿಂತದ್ದನ್ನು ನೋಡಿದವಳು ನಾನು. ಅವತ್ತಿನಿಂದ ಆ ಮಾತಿಗೆ ಅವನ ಮಟ್ಟಿಗೆ ಒಂದೇ ಅರ್ಥ. ಎಷ್ಟು ಹೊತ್ತಿಗೆ ಎಂದು ಅವನು ಕೇಳಿದ್ದು ಪ್ರಾಣ ಹೋದ ಹೊತ್ತನ್ನು. ನಾನು ಹೇಳಿದ್ದು ಐಸಿಯುಗೆ ಹಾಕಿದ ಹೊತ್ತನ್ನು.

ಆಮೇಲಿನದ್ದನ್ನು ನನಗೆ ಹೇಳಿದವನು ಅಫ್ರೀದ್. ಅಣ್ಣ ನೀರು ಕೊಡುವ ಮೇಜಿನ ಬದಿಯಲ್ಲಿ ನೆಲಕ್ಕೆ ಕೂತನಂತೆ. ಕೂತಲ್ಲಿಂದಲೇ ಪಂಜಕ್ಕೆ, ನೆರೆಮನೆಯ ಮಹಾಗಣಪತಿಯಣ್ಣನಿಗೆ ಒಂದು ಫೋನು ಮಾಡಿದನಂತೆ. ಇನ್ನು ಊರಿಡೀ ಫೋನು ಬರುತ್ತದೆ ಎಂದು ಮೊಬೈಲನ್ನು ಸೈಲೆಂಟಿಗೆ ಹಾಕಿ ಎದ್ದನಂತೆ. ನಿಲ್ಲಿಸುವ, ಯಾವುದಾದರೂ ಗಾಡಿ ಮಾಡಿ ಹೋಗುವ ಎಂದು ಅಫ್ರೀದ್ ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ.

"ಹೋದವರಿಗೆ ಇನ್ನೆಂತ ಅರ್ಜೆಂಟ್ ಮಾರಾಯ? ಮುಗಿಸಿಯೇ ಬಾ ಅಂದಿದ್ರು. ಅದೊಂದು ಮಾತಾದರೂ ನಡೆಸ್ತೇನೆ."

ಹಾಗೆ ಹೇಳಿ ಪುತ್ತೂರಿನ ಕಡೆಗೆ ತಿರುಗಿದ. ಅಳುತ್ತಾ ಓಡಿದ. ಕಾಲು ನೋವೆಂದು ತಿಳಿದು ದಾರಿಯಲ್ಲಿ ಯಾರೋ ಮಂಡಿಗೆ ಸ್ಪ್ರೇ ಹೊಡೆದರಂತೆ, ಅವನು ಬೇಡ ಎನ್ನಲೂ ಇಲ್ಲವಂತೆ. ಏರು ಬಂದಲ್ಲೆಲ್ಲ ಗೇರು, ಗೇರು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದನಂತೆ. ಮೆಡಲಿನ ಆಸೆಗೆ ಓಡುವವನು ಹೀಗೆ ಓಡುತ್ತಾನಾ, ಪಂಜದವರೇ ಹೇಳಲಿ.

ಇಲ್ಲಿ ಅಪ್ಪನಿಗೆ ಎಚ್ಚರವಿತ್ತು. ನರ್ಸು ನನ್ನನ್ನು ಒಳಗೆ ಬಿಟ್ಟಿದ್ದಳು. ಮಾಸ್ಕಿನೊಳಗಿಂದ ಅಪ್ಪ, ಹರಿ ಎಲ್ಲಿಗೆ ಎತ್ತಿದ ಎಂದು ಕೇಳಿದರು. ಕುಂಬ್ರ ಮುಟ್ಟಿದ್ದಾನೆ ಅಪ್ಪ, ಈಗ ಬರ್ತಾನೆ ಎಂದೆ. ಅವರ ಮುಖ ಅರಳಿತು. ಮತ್ತೆ ಕಣ್ಣನ್ನು ಬಾಗಿಲಿನಿಂದ ಕೀಳಲಿಲ್ಲ.

ಮುಕ್ಕಾಲು ಗಂಟೆ ಕಳೆದರೂ ಅಣ್ಣ ಬರಲಿಲ್ಲ, ಆಗ ಮಹಾಗಣಪತಿಯಣ್ಣನ ಫೋನು ಬಂತು.

"ಭವಿತಾ, ಮಾವಿನ ಮರ ಕಡಿದಾಯ್ತು. ಜನ ಎಲ್ಲ ಸೇರಿದ್ದಾರೆ. ಎಷ್ಟು ಹೊತ್ತಿಗೆ ತರ್ತೀರಿ?"

ನಮ್ಮಲ್ಲಿ ಚಿತೆಗೆ ಮಾವಿನ ಮರ. ಮನೆಯ ಹಿಂದಿನ ಮರ ನೆಲಕ್ಕೆ ಬಿದ್ದಿತ್ತು, ಯಾರಿಗಾಗಿ ಬಿದ್ದಿತ್ತೋ ಅವರು ನನ್ನ ಕೈ ಹಿಡಿದುಕೊಂಡು ಬಾಗಿಲು ನೋಡುತ್ತಿದ್ದರು. ಅಣ್ಣ ಏನು ತಿಳಿದುಕೊಂಡಿದ್ದಾನೆ ಎಂದು ನನಗೆ ಅರ್ಥವಾದದ್ದು ಆಗ. ಕಾರಿಡಾರಿಗೆ ಓಡಿ ಬಂದು ಅವನಿಗೆ ಫೋನು ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಫ್ರೀದನ ನಂಬರು ನನ್ನಲ್ಲಿರಲಿಲ್ಲ. ಜೀವ ಉಂಟು ಅಣ್ಣ, ಜೀವ ಉಂಟು ಎಂದು ರಿಂಗಾಗುತ್ತಿರುವ ಫೋನಿಗೇ ಹೇಳುತ್ತಿದ್ದೆ. ಅತ್ತಿತ್ತ ಹೋಗುವವರು ನನ್ನನ್ನು ತಿರುಗಿ ನೋಡಿದರು. ಅವತ್ತಿನಷ್ಟು ಸಿಟ್ಟು ನನಗೆ ಬದುಕಿನಲ್ಲಿ ಎಂದೂ ಬಂದಿಲ್ಲ, ಆದರೆ ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಒಳಗೆ ಹೋದಾಗ ಅಪ್ಪ, ಬಂದನಾ ಎಂದು ಕೇಳಿದರು. ಬಂದ, ಗೇಟಿನ ಹತ್ತಿರ ಇದ್ದಾನೆ ಎಂದೆ. ಅಪ್ಪ ಕಾದರು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದರು.

ನರ್ಸು ಅಪ್ಪನ ಮಾಸ್ಕ್ ತೆಗೆದು, ಪೈಪುಗಳನ್ನೆಲ್ಲ ಬಿಡಿಸಿ, ಬಿಳಿ ಬಟ್ಟೆಯನ್ನು ಎದೆಯವರೆಗೆ ಎಳೆಯುತ್ತಿರುವಾಗ ಅಫ್ರೀದನ ಕಾರು ಬಂತು. ಕಿಟಕಿಯಿಂದ ಅಣ್ಣನನ್ನು ನೋಡಿದೆ. ಎದೆಗೆ ಚುಚ್ಚಿದ ನಂಬರು, ಕೊರಳಲ್ಲಿ ಯಾರೋ ಹಾಕಿದ ಮೆಡಲು, ಎರಡೂ ಹಾಗೇ ಇದ್ದವು. ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಕಾಲು ಎತ್ತಿಡುತ್ತಿದ್ದ. ಅವನು ಮೇಲೆ ಬರುವುದರೊಳಗೆ ನಾನು ನಿರ್ಧಾರ ಮಾಡಿದೆ. ಅವನಿಗೆ ಹೇಳುವುದಿಲ್ಲ. ಅಪ್ಪ ಆರು ಗಂಟೆಗೇ ಹೋದರು ಎಂದೇ ಇರಲಿ. ನರ್ಸಿಗೂ ಬೇಡಿಕೊಂಡೆ, ಅವಳು ತಲೆಯಾಡಿಸಿದಳು.

ಅಣ್ಣ ಮಂಚದ ಕಾಲ ಕಡೆಗೆ ಬಂದು, ಸೆಟೆದ ಮಂಡಿಯನ್ನು ಕಷ್ಟದಲ್ಲಿ ಮಡಚಿ ಕೂತ. ಮುಗಿಸಿ ಬಂದೆ ಅಪ್ಪ ಎಂದು ಮೆಲ್ಲ ಹೇಳಿ, ಎರಡೂ ಪಾದಗಳನ್ನು ಹಿಡಿದು ಹಣೆ ಇಟ್ಟ. ಹಾಗೇ ಇದ್ದ. ಆಮೇಲೆ ಹಣೆ ಎತ್ತಿ ಪಾದವನ್ನು ಒತ್ತಿ ನೋಡಿದ. ಮತ್ತೊಂದು ಪಾದವನ್ನೂ ನೋಡಿದ. ನನ್ನ ಕಡೆ ತಿರುಗಿದ.

"ಭವಿ, ಕಾಲು ಬಿಸಿ ಉಂಟಲ್ಲ. ಆರು ಗಂಟೆಗೆ ಅಂದಿದ್ದಿಯಲ್ಲ ನೀನು."

ಸುಳ್ಳು ಹೇಳಲು ಬಾಯಿ ತೆರೆದೆ, ಅಳು ಬಂತು. ಅವನು ಪಾದಗಳನ್ನು ಬಿಡಲಿಲ್ಲ. ಅವು ತಣ್ಣಗಾಗುವವರೆಗೆ ಹಿಡಿದುಕೊಂಡೇ ಕೂತಿದ್ದ.